ಬೇಸಿಗೆಯಲ್ಲಿ ಮಂಗೋಲಿಯದ ಹುಲ್ಲುಗಾವಲಿಗೆ: ಏನು ಉಡುವುದು, ಏನು ಉಣ್ಣುವುದು

ಜುಲೈನಲ್ಲಿ ರಾಜಧಾನಿ ಉಲಾನ್‌ಬಾತರ್‌ನ ಹಗಲಿನ ಸರಾಸರಿ ಗರಿಷ್ಠ ತಾಪ 24-25 ಡಿಗ್ರಿ. ಇದನ್ನು ನೋಡಿದ ಬೆಂಗಳೂರಿನವರಿಗೆ ನಮ್ಮೂರಿನ ಹವೆಯೇ ಅನ್ನಿಸುತ್ತದೆ. ಎರಡು ಜೀನ್ಸ್, ನಾಲ್ಕು ಹತ್ತಿ ಟಿ-ಶರ್ಟು, ಒಂದು ತೆಳು ಸ್ವೆಟರು ತುಂಬಿಕೊಂಡು ಹೊರಟುಬಿಡುತ್ತಾರೆ. ಅದೇ ಊರಿನ ಅದೇ ತಿಂಗಳ ರಾತ್ರಿ 11-12 ಡಿಗ್ರಿಗೆ ಇಳಿಯುತ್ತದೆ. ಪಶ್ಚಿಮಕ್ಕೆ ಓರ್ಹೊನ್ ಕಣಿವೆಗೋ ಉತ್ತರದ ಹುವ್ಸ್‌ಗುಲ್ ಸರೋವರಕ್ಕೋ ಹೋದರೆ ಇನ್ನೂ ಕೆಳಗೆ, ಕೆಲವು ರಾತ್ರಿ 5 ಡಿಗ್ರಿಯ ಆಸುಪಾಸು. ಬೆಂಗಳೂರಿನ ಜನವರಿಯ ರಾತ್ರಿ ಕೂಡ ಸರಾಸರಿ 15-16 ಡಿಗ್ರಿಯಲ್ಲಿ ನಿಲ್ಲುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಹಾಗಾಗಿ ಬಟ್ಟೆಯನ್ನು ನಡುಮಧ್ಯಾಹ್ನಕ್ಕೆ ಆರಿಸಬೇಡಿ, ಬೆಳಗಿನ ಜಾವದ ನಾಲ್ಕು ಗಂಟೆಗೆ ಆರಿಸಿ.

ಊಟದ ಮಾತೂ ಇದಕ್ಕೆ ಅಂಟಿಕೊಂಡೇ ಇದೆ. ಅಲ್ಲಿನ ಪಶುಪಾಲಕರು ಕುರಿಯ ಕೊಬ್ಬನ್ನೂ ಹಾಲಿನ ಕೆನೆಯನ್ನೂ ಯಥೇಚ್ಛವಾಗಿ ತಿನ್ನುವುದರಲ್ಲಿ ಅರ್ಥವಿದೆ: ಚಳಿಯಲ್ಲಿ ದುಡಿಯುವ ಮೈಗೆ ಬೇಕಾದ ಶಕ್ತಿ ಅದರಲ್ಲಿದೆ. ಬರಿಯ ಅನ್ನ, ಆಲೂಗಡ್ಡೆ, ಎಲೆಕೋಸಿನ ಊಟದಲ್ಲಿ ಅಷ್ಟು ಶಕ್ತಿ ಇರುವುದಿಲ್ಲ. ಸಸ್ಯಾಹಾರಿಗಳು ತುಪ್ಪ-ಕಡಲೆಕಾಯಿ ಹೆಚ್ಚು ಒಯ್ಯಬೇಕು; ಬೆಚ್ಚನೆಯ ಬಟ್ಟೆ ಮಾತ್ರ ಏನು ಉಂಡರೂ ಎಲ್ಲರಿಗೂ ಬೇಕು.

ಯಾವುದನ್ನು ಮೊದಲು ತೀರ್ಮಾನಿಸಬೇಕು

ಮಲಗುವ ಜಾಗವನ್ನು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಪ್ರವಾಸಿಗರ ಗೆರ್ ಕ್ಯಾಂಪಾದರೆ ದುಂಡನೆಯ ಉಣ್ಣೆಯ ಗುಡಾರ, ಮಂಚ, ದಪ್ಪ ರಜಾಯಿ, ನಡುವೆ ಒಲೆ, ಮೂರು ಹೊತ್ತಿನ ಊಟ, ಸಾಮಾನ್ಯವಾಗಿ ಬಿಸಿನೀರು ಸಿಗುತ್ತವೆ. ಖರ್ಚು ಹೆಚ್ಚು, ಹೊರೆ ಕಡಿಮೆ. ಪಶುಪಾಲಕರ ಮನೆಯಲ್ಲಿ ಉಳಿದರೆ ಖರ್ಚು ಕಡಿಮೆ, ಅನುಭವ ದೊಡ್ಡದು. ಆದರೆ ಸ್ನಾನವಿಲ್ಲ, ಒಲೆಯಲ್ಲಿ ಬೆಂದದ್ದೇ ಊಟ, ನಿಮ್ಮ ಹೊದಿಕೆ ನೀವೇ ತರಬೇಕು. ಮೂರನೆಯದು ಸ್ವಂತ ಟೆಂಟು: ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಭಾರ. ಇದಕ್ಕೆ 0 ಡಿಗ್ರಿಯ ‘ಕಂಫರ್ಟ್’ ಮಟ್ಟದ ಸ್ಲೀಪಿಂಗ್ ಬ್ಯಾಗ್ ಬೇಕು. ಚೀಲದ ಮೇಲೆ ‘ಲಿಮಿಟ್’, ‘ಎಕ್ಸ್‌ಟ್ರೀಮ್’ ಎಂದು ಬರೆದ ಅಂಕಿಗಳನ್ನು ನಂಬಿ ಕೊಳ್ಳಬೇಡಿ. ಅವು ನೆಮ್ಮದಿಯ ನಿದ್ದೆಯ ಲೆಕ್ಕವಲ್ಲ.

ಗೆರ್‌ನ ಒಲೆಯ ಬಗ್ಗೆ ಒಂದು ಮಾತು. ರಾತ್ರಿ ಹತ್ತಕ್ಕೆ ಸೌದೆ ತುಂಬಿ ಹೊತ್ತಿಸಿದರೆ ಅರ್ಧ ಗಂಟೆ ಒಳಗೆ ಸೆಕೆಯೋ ಸೆಕೆ. ಸೌದೆ ಬೇಗ ಉರಿದು ಮುಗಿಯುವುದರಿಂದ ನಡುರಾತ್ರಿ ಕಳೆಯುವಷ್ಟರಲ್ಲಿ ಒಳಗಿನ ತಾಪ ಹೊರಗಿನದಕ್ಕೆ ಹತ್ತಿರವಾಗುತ್ತದೆ. ಮಲಗುವಾಗ ತೆಳುಬಟ್ಟೆ ಹಾಕಿಕೊಂಡು, ಉಣ್ಣೆಯ ಟೋಪಿ, ಕಾಲುಚೀಲ, ಸ್ವೆಟರನ್ನು ಕೈಗೆಟುಕುವಂತೆ ದಿಂಬಿನ ಪಕ್ಕ ಇಟ್ಟುಕೊಳ್ಳಿ.

ಇನ್ನು ಬಟ್ಟೆಗೆ ನಾಲ್ಕು ಪರೀಕ್ಷೆ: ಒಂದೇ ದಿನದೊಳಗಿನ 15 ಡಿಗ್ರಿಯ ಏರಿಳಿತಕ್ಕೆ ಹೊಂದುತ್ತದೆಯೇ, ನೆನೆದರೆ ಸಂಜೆಯೊಳಗೆ ಒಣಗುತ್ತದೆಯೇ, ಗಾಳಿ ತಡೆಯುತ್ತದೆಯೇ, ಕುದುರೆಯ ಮೇಲೆ ಕೂತರೆ ತೊಡೆ ಸವೆಸುತ್ತದೆಯೇ. ಊಟಕ್ಕೆ ಮೂರು: ಹೊಟ್ಟೆ ತಡೆಯುತ್ತದೆಯೇ, ಶಕ್ತಿ ಸಾಲುತ್ತದೆಯೇ, ನಿಮ್ಮ ಮನೆಯ ನೇಮಕ್ಕೆ ಒಗ್ಗುತ್ತದೆಯೇ.

ಮೈಗೆ ತಾಗುವ ಬಟ್ಟೆ: ಹತ್ತಿ, ಪಾಲಿಯೆಸ್ಟರ್, ಮೆರಿನೊ

ನಮ್ಮ ಸೆಕೆಗೆ ಹತ್ತಿಯಷ್ಟು ಹಿತವಾದದ್ದಿಲ್ಲ, ನಿಜ. ಅಲ್ಲಿ ತೊಂದರೆ ಶುರುವಾಗುವುದು ಸಂಜೆ. ಮಧ್ಯಾಹ್ನ ಬೆವರು ಕುಡಿದ ಹತ್ತಿ ತೇವವನ್ನು ಬಿಡುವುದಿಲ್ಲ. ಸೂರ್ಯ ಇಳಿದು ಗಾಳಿ ಎದ್ದ ಕೂಡಲೇ ಬೆನ್ನಿಗೆ ತಣ್ಣನೆಯ ಪಟ್ಟಿ ಕಟ್ಟಿದಂತಾಗುತ್ತದೆ. ಪಾಲಿಯೆಸ್ಟರ್ ಟಿ-ಶರ್ಟು ಅಗ್ಗ, ಒಂದೆರಡು ಗಂಟೆಯಲ್ಲಿ ಒಣಗುತ್ತದೆ, ಆದರೆ ಎರಡನೇ ದಿನಕ್ಕೇ ನಾರುತ್ತದೆ. ಮೆರಿನೊ ಉಣ್ಣೆ ನಾಲ್ಕೈದು ದಿನ ತೊಟ್ಟರೂ ವಾಸನೆ ಹಿಡಿಯುವುದಿಲ್ಲ, ತೇವವಾದರೂ ಬೆಚ್ಚಗಿರುತ್ತದೆ. ನಮ್ಮ ಕುರಿಗಾಹಿಗಳು ಸುರಿಮಳೆಯಲ್ಲೂ ಕರಿಕಂಬಳಿಯ ಕೊಪ್ಪೆ ಹಾಕಿಕೊಂಡು ಬೆಚ್ಚಗಿರುವುದು ಉಣ್ಣೆಯ ಇದೇ ಗುಣದಿಂದ. ಆದರೆ ಒಂದು ಮೆರಿನೊ ಕೊಳ್ಳುವ ದುಡ್ಡಿಗೆ ಮೂರ್ನಾಲ್ಕು ಪಾಲಿಯೆಸ್ಟರ್ ಬರುತ್ತವೆ, ಮತ್ತು ಬೆನ್ನುಚೀಲದ ಪಟ್ಟಿ ಉಜ್ಜುವಲ್ಲಿ ಮೆರಿನೊ ಬೇಗ ತೂತಾಗುತ್ತದೆ.

ಒಗೆಯುವ ಪ್ರಶ್ನೆಯೂ ಇಲ್ಲಿ ಸೇರುತ್ತದೆ. ಹುಲ್ಲುಗಾವಲಿನಲ್ಲಿ ಹೊಳೆಯ ನೀರು ಪವಿತ್ರ. ಅದರಲ್ಲಿ ಇಳಿದು ಸೋಪು ಹಚ್ಚಿ ಬಟ್ಟೆ ಒಗೆಯುವುದನ್ನು ಅಲ್ಲಿನವರು ಸಹಿಸುವುದಿಲ್ಲ. ಬಕೆಟ್ಟಿನಲ್ಲಿ ನೀರು ತೆಗೆದುಕೊಂಡು ದೂರ ಹೋಗಿ ಒಗೆಯಬೇಕು. ಆದ್ದರಿಂದ ವಾರಕ್ಕೆ ಹಗಲಿಗೆ ಮೂರು ಪಾಲಿಯೆಸ್ಟರ್, ರಾತ್ರಿಗೆಂದೇ ಎತ್ತಿಟ್ಟ ಒಂದು ಉದ್ದ ತೋಳಿನ ಮೆರಿನೊ ಇದ್ದರೆ ಸಾಕು. ಕೈ ಬಿಚ್ಚಿ ಖರ್ಚು ಮಾಡಬಲ್ಲವರು ಎರಡು ಮೆರಿನೊ ಹಗಲಿಗೂ ಕೊಳ್ಳಲಿ, ಚೀಲ ಹಗುರಾಗುತ್ತದೆ. ಹತ್ತಿಯನ್ನು ಗೋಬಿ ಮರುಭೂಮಿಗೆ ಇಳಿಯುವವರು ಮಾತ್ರ ಒಯ್ಯಲಿ; ಅಲ್ಲಿ ಹಗಲು 35 ಡಿಗ್ರಿ ದಾಟುತ್ತದೆ, ತೋಳು ಮುಚ್ಚುವ ಸಡಿಲ ಹತ್ತಿ ಅಂಗಿ ಬಿಸಿಲಿಗೆ ಒಳ್ಳೆಯದು.

ನಡುವಿನ ಪದರ ಮತ್ತು ಮಳೆಯಂಗಿ

ಬೆಚ್ಚಗಿಡಲು ಮೆತ್ತನೆಯ ಪಾಲಿಯೆಸ್ಟರಿನ ಫ್ಲೀಸ್, ಕೃತಕ ಹತ್ತಿ ತುಂಬಿದ ಪಫರ್, ಬಾತುಕೋಳಿ ಪುಕ್ಕದ ಡೌನ್, ಕ್ಯಾಶ್ಮಿಯರ್ ಎಂಬ ಆಡಿನ ನಯವಾದ ಉಣ್ಣೆಯ ಸ್ವೆಟರು ಎಂಬ ನಾಲ್ಕು ದಾರಿಗಳಿವೆ. ಡೌನ್ ಅತಿ ಹಗುರ, ಆದರೆ ನೆನೆದರೆ ಗಂಟುಕಟ್ಟಿ ಕೆಲಸಕ್ಕೆ ಬಾರದಾಗುತ್ತದೆ. ಫ್ಲೀಸ್ ಅಗ್ಗ, ಬೇಗ ಒಣಗುತ್ತದೆ, ಗಾಳಿಯನ್ನು ಮಾತ್ರ ಸೀದಾ ಒಳಗೆ ಬಿಡುತ್ತದೆ. ಒಲೆಯ ಕಿಡಿ ಹಾರಿದರೆ ಫ್ಲೀಸೂ ನೈಲಾನ್ ಪಫರೂ ಕರಗಿ ತೂತಾಗುತ್ತವೆ, ಉಣ್ಣೆ ಬರಿದೇ ಕರಕಾಗುತ್ತದೆ. ದಿನವಿಡೀ ಒಲೆಯ ಪಕ್ಕ ಕೂರುವ ಪಶುಪಾಲಕರ ಮನೆವಾಸಕ್ಕೆ ಉಣ್ಣೆಯ ಸ್ವೆಟರೇ ಮೇಲು. ಕ್ಯಾಂಪಿನವರಿಗೆ ಫ್ಲೀಸ್ ಮತ್ತು ಮೇಲೊಂದು ಮಳೆಯಂಗಿ ಸಾಕು. ಟೆಂಟಿನವರಿಗೆ ಫ್ಲೀಸ್ ಜೊತೆ ಕೃತಕ ಪಫರ್ ಬೇಕೇ ಬೇಕು.

ಸ್ವೆಟರನ್ನು ಇಲ್ಲಿಂದಲೇ ಒಯ್ಯಬೇಕೆಂದಿಲ್ಲ. ಮಂಗೋಲಿಯ ಕ್ಯಾಶ್ಮಿಯರ್ ಉಣ್ಣೆಯ ನಾಡು. ಉಲಾನ್‌ಬಾತರ್‌ನ ಅಂಗಡಿಗಳಲ್ಲಿ ಒಳ್ಳೆಯ ಮಾಲು ಸಿಗುತ್ತದೆ, ಬೆಲೆ ಮಾತ್ರ ಕಡಿಮೆಯೇನಲ್ಲ. ಕಡಿಮೆ ದುಡ್ಡಿಗೆ ದೊಡ್ಡ ಉಪಕಾರ ಬೇಕೆಂದರೆ ಒಂಟೆಯ ಉಣ್ಣೆಯ ಕಾಲುಚೀಲ ಎರಡು ಜೊತೆ ಕೊಳ್ಳಿ.

ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಆಗಸ್ಟ್‌ವರೆಗೆ ಬೀಳುತ್ತದೆ. ಇದು ಮಲೆನಾಡಿನ ಜಡಿಮಳೆಯಲ್ಲ. ದಿಗಂತದಲ್ಲಿ ಕಪ್ಪಾಗಿ ಕಾಣಿಸಿಕೊಂಡು, ಗುಡುಗಿ, ಕೆಲವೊಮ್ಮೆ ಆಲಿಕಲ್ಲು ಸುರಿಸಿ, ಮುಂದೆ ಹೋಗುತ್ತದೆ. ಮಳೆಗಿಂತ ಅದರ ಜೊತೆಯ ಗಾಳಿ ಹೆಚ್ಚು ನಡುಗಿಸುತ್ತದೆ. ಮರವೇ ಇಲ್ಲದ ಬಯಲಿನಲ್ಲಿ ಕೊಡೆ ನಿಲ್ಲದು. ಮೈಮೇಲೆ ಇಳಿಬಿಡುವ ತೋಳಿಲ್ಲದ ಪೊಂಚೊ ಅಗ್ಗ, ಬೆನ್ನುಚೀಲವನ್ನೂ ಮುಚ್ಚುತ್ತದೆ, ಆದರೆ ಗಾಳಿಗೆ ಪಟಪಟ ಬಡಿಯುತ್ತದೆ. ಆ ಸದ್ದಿಗೆ ಬೆದರಿ ಕುದುರೆ ಓಟ ಕಿತ್ತರೆ ಸವಾರನಿಗೆ ಅಪಾಯ. ಕುದುರೆ ಹತ್ತುವವರು ಮೈಗೆ ಹತ್ತಿದಂತಿರುವ, ಟೊಪ್ಪಿಗೆಯಿರುವ ಜಾಕೆಟನ್ನೇ ಆರಿಸಬೇಕು. ಅದನ್ನು ತೊಡುವುದೂ ಬಿಚ್ಚುವುದೂ ಕುದುರೆಯಿಂದ ಇಳಿದ ಮೇಲೆಯೇ.

ಕಾಲು, ಪಾದ, ತಲೆ

ಜೀನ್ಸನ್ನು ಮನೆಯಲ್ಲೇ ಬಿಡಿ. ಒಮ್ಮೆ ನೆನೆದರೆ ಮಾರನೆಯ ಮಧ್ಯಾಹ್ನದವರೆಗೂ ಒಣಗದು, ಒಳತೊಡೆಯ ದಪ್ಪ ಹೊಲಿಗೆ ಎರಡು ಗಂಟೆಯ ಸವಾರಿಯಲ್ಲಿ ಚರ್ಮ ಕೀಳುತ್ತದೆ. ಸಲ್ವಾರ್ ಗಾಳಿಯಾಡುತ್ತದೆ, ಆದರೆ ಕುದುರೆಯ ಜೀನಿನ ಮೇಲೆ ಸುಕ್ಕುಗಟ್ಟಿ ಉಜ್ಜುತ್ತದೆ. ತೆಳು ನೈಲಾನಿನ ಟ್ರೆಕಿಂಗ್ ಪ್ಯಾಂಟು ಎರಡು, ಸವಾರಿಯ ದಿನ ಅದರೊಳಗೆ ಸೈಕ್ಲಿಂಗ್ ಶಾರ್ಟ್ಸ್: ಇಷ್ಟು ಎಲ್ಲರಿಗೂ ಹೊಂದುತ್ತದೆ. ಸ್ಥಳೀಯರ ಮನೆಗಳಲ್ಲಿ ಕುದುರೆಗೆ ಹಾಕುವುದು ಸಾಮಾನ್ಯವಾಗಿ ಮರದ ಜೀನು. ಅದರ ಮೇಲೆ ಮೊದಲ ದಿನ ಎರಡು ಗಂಟೆಗಿಂತ ಹೆಚ್ಚು ಕೂರಬೇಡಿ. ಹೆಣ್ಣುಮಕ್ಕಳಿಗೆ ಒಂದು ಕಿವಿಮಾತು: ಪೊದೆಯೂ ಬಂಡೆಯೂ ಇಲ್ಲದ ಬಯಲಿನಲ್ಲಿ ಶೌಚಕ್ಕೆ ಮರೆ ಸಿಗುವುದಿಲ್ಲ. ಪ್ಯಾಂಟಿನ ಮೇಲೆ ಮೊಣಕಾಲು ದಾಟುವ ಕುರ್ತಾ ತೊಟ್ಟರೆ ಅದೇ ಮರೆ.

ಉತ್ತರದ ಕಾಡಂಚಿನ ಹುಲ್ಲಿನಲ್ಲಿ ರಕ್ತ ಹೀರುವ ಉಣುಗುಗಳ ಕಾಟವಿದೆ, ಮಿದುಳಿನ ಜ್ವರ ಹರಡುವ ಜಾತಿಯೂ ಅವುಗಳಲ್ಲಿ ಸೇರಿದೆ. ಸೆಲೆಂಗೆ, ಬುಲ್ಗನ್, ಹುವ್ಸ್‌ಗುಲ್ ಕಡೆ ಹೋಗುವವರು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ ನಡೆಯಲಿ, ಶಾರ್ಟ್ಸ್ ಬೇಡ.

ಪಾದಕ್ಕೆ ಕಣಕಾಲು ಮುಚ್ಚುವ, ನೀರು ಹಿಡಿಯದ ಟ್ರೆಕಿಂಗ್ ಶೂ ಮೊದಲ ಆಯ್ಕೆ. ಬೆಳಗಿನ ಇಬ್ಬನಿಯ ಹುಲ್ಲಿನಲ್ಲಿ ಹತ್ತು ನಿಮಿಷ ನಡೆದರೆ ಓಟದ ಬೂಟು ತೊಪ್ಪೆಯಾಗುತ್ತದೆ. ಆದರೆ ಕ್ಯಾಂಪಿನಲ್ಲೇ ಉಳಿದು ವ್ಯಾನಿನಲ್ಲಿ ಓಡಾಡುವವರಿಗೆ ಓಟದ ಬೂಟೇ ಸಾಕು, ಹೊಸದಕ್ಕೆ ದುಡ್ಡು ಸುರಿಯಬೇಡಿ. ಮೂತಿ ಮೇಲಕ್ಕೆ ಬಾಗಿದ ಮಂಗೋಲಿಯದ ‘ಗುತಲ್’ ಬೂಟು ರಿಕಾಪಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ನಡಿಗೆಗೆ ಭಾರ. ತಲೆಗೆ ಗಲ್ಲದ ಕೆಳಗೆ ದಾರ ಕಟ್ಟುವ ಅಗಲ ಅಂಚಿನ ಟೋಪಿ ಬೇಕು. ದಾರವಿಲ್ಲದ ಟೋಪಿ ಮೊದಲ ಗಾಳಿಗೇ ಹೋಯಿತು. ಜೂನ್-ಜುಲೈನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ, ಆದ್ದರಿಂದ ಸನ್‌ಸ್ಕ್ರೀನನ್ನು ಸಂಜೆ ಐದಕ್ಕೂ ಮತ್ತೊಮ್ಮೆ ಹಚ್ಚಬೇಕಾಗುತ್ತದೆ.

ದೇಲ್ ಕೊಳ್ಳಬೇಕೆ?

‘ದೇಲ್’ ಎಂದರೆ ಮೊಣಕಾಲು ದಾಟುವ ನಿಲುವಂಗಿ. ಎಡ ಅಂಚು ಬಲದ ಮೇಲೆ ಬಂದು ಬಲ ಹೆಗಲ ಬಳಿ ಗುಂಡಿ ಹಾಕಿಕೊಳ್ಳುತ್ತದೆ, ಸೊಂಟಕ್ಕೆ ಹಲವು ಮೀಟರ್ ಉದ್ದದ ‘ಬುಸ್’ ಪಟ್ಟಿ. ಅಸ್ತರಿಯ ತುಂಬುವಿಕೆಯಿಲ್ಲದ ಬೇಸಿಗೆಯ ಬಗೆಗೆ ‘ತೆರ್ಲೆಗ್’ ಎನ್ನುತ್ತಾರೆ. ಇದು ಬರಿಯ ಹಬ್ಬದ ಉಡುಪಲ್ಲ. ಪಟ್ಟಿಯ ಮೇಲಿನ ಸಡಿಲ ಜಾಗ ಜೇಬು, ಉದ್ದ ತೋಳು ಇಳಿಸಿಕೊಂಡರೆ ಕೈಗವಸು, ಬಿಗಿದ ಪಟ್ಟಿ ಸವಾರಿಯಲ್ಲಿ ಸೊಂಟಕ್ಕೆ ಆಸರೆ, ರಾತ್ರಿ ಹೊದಿಕೆ, ಬಯಲಿನಲ್ಲಿ ಮರೆ. ಪಶುಪಾಲಕರ ಮನೆಯಲ್ಲಿ ಐದಾರು ದಿನ ಉಳಿದು ಸವಾರಿ ಮಾಡುವವರು ರಾಜಧಾನಿಯ ನರಾನ್‌ತುಲ್ ಮಾರುಕಟ್ಟೆಯಲ್ಲಿ ಸಾದಾ ತೆರ್ಲೆಗ್ ಕೊಳ್ಳುವುದು ಒಳ್ಳೆಯ ಖರ್ಚು. ಫ್ಲೀಸ್ ಕೊಳ್ಳುವ ದುಡ್ಡು ಉಳಿಯುತ್ತದೆ. ಜೇಬುಗಳ್ಳರ ಬಗ್ಗೆ ಅಲ್ಲಿ ಎಚ್ಚರವಿರಲಿ. ಎರಡು ರಾತ್ರಿ ರಾಜಧಾನಿಯ ಹತ್ತಿರದ ತೆರೆಲ್ಜ್ ಉದ್ಯಾನಕ್ಕೆ ಹೋಗಿ ಬರುವವರಿಗೆ ದೇಲ್ ಬೇಡ. ಮಳೆಗೂ ಅದು ಪರಿಹಾರವಲ್ಲ, ನೆನೆದರೆ ಭಾರವಾಗುತ್ತದೆ. ಜುಲೈ 11ರಿಂದ 13ರ ನಾದಮ್ ಹಬ್ಬಕ್ಕೆ ಹೋಗುವವರು ಹೊಳೆಯುವ ರೇಷ್ಮೆಯಂಥದ್ದಕ್ಕೆ ಮರುಳಾಗುವುದುಂಟು. ಅದು ಜಾರುತ್ತದೆ, ಹುಲ್ಲಿಗೆ ಸಿಕ್ಕಿ ದಾರ ಎಳೆಯುತ್ತದೆ.

ಊಟ: ಯಾರ ಒಲೆಯಲ್ಲಿ?

ಬೇಸಿಗೆಯ ಮಂಗೋಲಿಯದಲ್ಲಿ ಹಾಲಿನದೇ ಕಾಲ. ಹೈನಿನ ತಿನಿಸುಗಳನ್ನೆಲ್ಲ ಸೇರಿಸಿ ‘ತ್ಸಗಾನ್ ಇದೇ’, ಬಿಳಿಯ ಆಹಾರ ಎನ್ನುತ್ತಾರೆ. ಮಾಂಸದ ಭಾರ ಹೆಚ್ಚುವುದು ಚಳಿಗಾಲದಲ್ಲಿ. ಇದರಿಂದ ಸಸ್ಯಾಹಾರಿಗಳಿಗೆ ಬೇಸಿಗೆಯಷ್ಟು ಅನುಕೂಲದ ಕಾಲ ಇನ್ನೊಂದಿಲ್ಲ. ಕುದಿಸಿದ ಹಾಲಿನಿಂದ ಮಾಡಿದ ‘ತರಗ್’ ನಮ್ಮ ಮೊಸರೇ. ಕೆನೆಗಟ್ಟಿಸಿದ ‘ಊರಮ್’ ಅನ್ನು ಬ್ರೆಡ್ಡಿಗೆ ಸವರಿ ತಿನ್ನಬಹುದು. ‘ಬ್ಯಾಸ್ಲಗ್’ ಗಟ್ಟಿ ಪನೀರಿನಂಥದ್ದು. ಬಿಸಿಲಿಗೆ ಒಣಗಿಸಿದ ‘ಆರೂಲ್’ ಕಲ್ಲಿನಷ್ಟು ಗಟ್ಟಿ, ಕಚ್ಚಿದರೆ ಹಲ್ಲು ಹೋದೀತು, ಬಾಯಲ್ಲಿಟ್ಟು ಚೀಪಬೇಕು. ಹಸಿ ಹಾಲನ್ನು ಮಾತ್ರ ಕುಡಿಯಬೇಡಿ. ಜಾನುವಾರುಗಳಿಂದ ಬರುವ ಬ್ರೂಸೆಲ್ಲಾ ಜ್ವರ ಅಲ್ಲಿ ಇದೆ.

‘ಐರಗ್’ ಹುಳಿಬರಿಸಿದ ಕುದುರೆಯ ಹಾಲು, ಸುಮಾರು ಶೇಕಡಾ 2ರಷ್ಟು ಮದ್ಯಸಾರವಿರುತ್ತದೆ. ಹೊಸ ಹೊಟ್ಟೆಗೆ ಅದು ಭೇದಿ ಮಾಡಿಸುವ ಮದ್ದು. ಮೊದಲ ದಿನ ಕಾಲು ಬಟ್ಟಲು, ಅದೂ ಮಾರನೆಯ ದಿನ ಎಂಟು ಗಂಟೆಯ ವ್ಯಾನ್ ಪ್ರಯಾಣ ಇಲ್ಲದಿದ್ದರೆ. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಬೇಡವೇ ಬೇಡ. ಮದ್ಯ ಮುಟ್ಟದವರು ‘ಶಿಮಿಯ್ನ್ ಅರ್ಹಿ’ಯ ಬಗ್ಗೆ ತಿಳಿದಿರಬೇಕು: ಹಾಲಿನಿಂದ ಭಟ್ಟಿಯಿಳಿಸಿದ್ದು, ನೋಡಲು ನೀರಿನಂತೆಯೇ ತಿಳಿ.

ಉಪ್ಪು ಹಾಕಿದ ಹಾಲಿನ ಚಹಾ ‘ಸುತೈ ತ್ಸೈ’ ಎಲ್ಲೆಲ್ಲೂ ಸಿಗುತ್ತದೆ. ಸಕ್ಕರೆಯ ಚಹಾ ಎಂದುಕೊಂಡು ಬಾಯಿಗಿಟ್ಟರೆ ಮುಖ ಹಿಂಡುತ್ತದೆ, ತೆಳುವಾದ ಬಿಸಿ ಸಾರು ಎಂದುಕೊಂಡರೆ ಹಿಡಿಸುತ್ತದೆ. ಒಣಹವೆಯಲ್ಲಿ ಗೊತ್ತಾಗದಂತೆ ನೀರು ಕಳೆದುಕೊಳ್ಳುವ ಮೈಗೆ ಅದು ನಿಜಕ್ಕೂ ಒಳ್ಳೆಯದು. ಕೆಲವು ಮನೆಗಳಲ್ಲಿ ಅದಕ್ಕೆ ಮಾಂಸದ ಪುಟ್ಟ ಕಡುಬು ‘ಬನ್ಶ್’ ಹಾಕುತ್ತಾರೆ. ಕೇಳಿ ಕುಡಿಯಿರಿ.

ಈಗ ನೇಮದ ಪ್ರಶ್ನೆ. ಮಾಂಸಕ್ಕೆ ಅವರ ಮಾತು ‘ಮಹ್’. ಇಂಗ್ಲಿಷಿನಲ್ಲಿ ‘ಕೆ-ಎಚ್’ ಎಂದು ಬರೆದಿರುವಲ್ಲೆಲ್ಲ ಗಂಟಲಿನಿಂದ ಬರುವ ಹಕಾರ ಎಂದು ಓದಿಕೊಳ್ಳಿ. ನಮ್ಮಲ್ಲಿ ಕುರಿ ತಿಂದು ದನ ತಿನ್ನದವರು ಬಹಳ. ಅವರಿಗೆ ಸಂಕಟ ಸಸ್ಯಾಹಾರಿಗಳಿಗಿಂತ ಸೂಕ್ಷ್ಮವಾದದ್ದು, ಯಾಕೆಂದರೆ ಹಬೆಯ ಕಡುಬು ‘ಬೂಜ್’, ಕರಿದ ‘ಹೂಶೂರ್’, ಹುರಿದ ಶಾವಿಗೆ ‘ತ್ಸುಯ್ವನ್’ ಮೂರರಲ್ಲೂ ಮಾಂಸ ಕೊಚ್ಚಿಯೋ ಹೆಚ್ಚಿಯೋ ಇರುತ್ತದೆ, ಕುರಿಯೋ ದನವೋ ಎರಡರ ಬೆರಕೆಯೋ ಕಣ್ಣಿಗೆ ಕಾಣದು. ಕುರಿಗೆ ‘ಹೊನಿನಿ ಮಹ್’, ಆಡಿಗೆ ‘ಯಮಾನಿ ಮಹ್’, ದನಕ್ಕೆ ‘ಉಹ್ರಿಯ್ನ್ ಮಹ್’, ಕುದುರೆಗೆ ‘ಅದೂನಿ ಮಹ್’. ಇವರಿಗೆ ಹೊಂದುವುದು ‘ಹೊರ್ಹೊಗ್’: ಮೂಳೆಸಹಿತ ದೊಡ್ಡ ತುಂಡುಗಳನ್ನು ಕಾದ ಕಲ್ಲುಗಳ ಜೊತೆ ಹಾಲಿನ ಕ್ಯಾನಿನಲ್ಲಿ ಮುಚ್ಚಿ ಬೇಯಿಸಿದ್ದು, ಸಾಮಾನ್ಯವಾಗಿ ಕುರಿ ಅಥವಾ ಆಡು. ಬಿಸಿಯಿರುವಾಗಲೇ ತಿನ್ನಿ, ಆರಿದರೆ ಕುರಿಕೊಬ್ಬು ತುಟಿಗೆ ಮೇಣದಂತೆ ಮೆತ್ತಿಕೊಳ್ಳುತ್ತದೆ. ಎಲ್ಲವನ್ನೂ ತಿನ್ನುವವರೂ ಒಂದನ್ನು ಬಿಡಬೇಕು, ಮಾರ್ಮೊಟ್ ಎಂಬ ದಂಶಕದ ಮಾಂಸ. ಪ್ಲೇಗ್ ತಗಲುವ ದಾರಿ ಅದು. ಹಸಿ ಅಂಗಾಂಗ ತಿಂದು 2019ರಲ್ಲೂ ಅಲ್ಲಿ ಸಾವು ಸಂಭವಿಸಿದೆ.

ಸಸ್ಯಾಹಾರಿಗಳು ‘ಬಿ ಮಹ್ ಇದ್ದೆಗ್ಗುಯ್’, ನಾನು ಮಾಂಸ ತಿನ್ನುವುದಿಲ್ಲ, ಎಂಬುದನ್ನು ಕಲಿತುಕೊಂಡು, ಅದನ್ನು ಗೈಡಿನ ಕೈಯಲ್ಲಿ ಅಲ್ಲಿನವರು ದಿನನಿತ್ಯ ಓದುವ ಸಿರಿಲಿಕ್ ಲಿಪಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಳ್ಳಲಿ. ಮಾಂಸ ಬೇಡ ಎಂದಷ್ಟೇ ಹೇಳಿದರೆ ತುಂಡುಗಳನ್ನು ತೆಗೆದು ಅದೇ ಸಾರನ್ನು ಬಡಿಸುವ ಸಾಧ್ಯತೆಯಿದೆ. ಮಾಂಸದ ಸಾರು, ಕೊಬ್ಬು ಎರಡೂ ಬೇಡವೆಂದು ಬಿಡಿಸಿ ಬರೆಸಿ. ರಸ್ತೆಬದಿಯ ‘ಗ್ವಾನ್ಜ್’ ಖಾನಾವಳಿಗಳಲ್ಲಿ ಚಹಾ, ಬ್ರೆಡ್ಡು, ಅನ್ನಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಕ್ಯಾಂಪಿಗೆ ಬುಕಿಂಗ್ ಸಮಯದಲ್ಲೇ ತಿಳಿಸಿದರೆ ಬೇರೆ ಅಡುಗೆ ಸಿಗುತ್ತದೆ, ಆದರೆ ಹೆಚ್ಚಾಗಿ ಅದು ಅನ್ನ, ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು. ಹೊಟ್ಟೆ ತುಂಬುತ್ತದೆ, ಬೇಳೆಯೂ ಕೊಬ್ಬೂ ಇರುವುದಿಲ್ಲ. ಕ್ಯಾಂಪಿನಲ್ಲಿ ಉಳಿಯುವ ಸಸ್ಯಾಹಾರಿ ವಾರಕ್ಕೆ 350 ಗ್ರಾಂ ಹುರಿದ ಕಡಲೆಕಾಯಿ ಅಥವಾ ಚಿಕ್ಕಿ, 150 ಗ್ರಾಂ ಚಟ್ನಿಪುಡಿ, 150 ಗ್ರಾಂ ತುಪ್ಪ ಒಯ್ದರೆ ಆ ಕೊರತೆ ನೀಗುತ್ತದೆ.

ತಾನೇ ಬೇಯಿಸಿಕೊಳ್ಳುವವರ ದಿನದ ಲೆಕ್ಕ ಹೀಗೆ: ಅಕ್ಕಿ 200 ಗ್ರಾಂ, ಹೆಸರುಬೇಳೆ 75, ಅವಲಕ್ಕಿ 75, ಕಡಲೆಕಾಯಿ 50, ರಾಗಿ ಹುರಿಹಿಟ್ಟು 40, ತುಪ್ಪ 30. ಇದು ಸುಮಾರು 1,900 ಕ್ಯಾಲೊರಿ. ಮಿಕ್ಕಿದ್ದು ಅಲ್ಲಿನ ಬ್ರೆಡ್ಡು-ಮೊಸರಿನಿಂದ. ಅಕ್ಕಿ, ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್ ಅಲ್ಲೇ ಸಿಗುತ್ತವೆ. ಉಳಿದದ್ದು ವಾರಕ್ಕೆ ಎರಡು ಕಿಲೊ ಒಳಗೇ. ತೊಗರಿಬೇಳೆ ಒಯ್ಯಬೇಡಿ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿದರೆ 1,600 ಮೀಟರಿನ ಹುಲ್ಲುಗಾವಲಿನಲ್ಲಿ 95ಕ್ಕೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿ ಕರಗುವಷ್ಟರಲ್ಲಿ ಗ್ಯಾಸ್ ಮುಗಿದಿರುತ್ತದೆ. ಒಂದು ಗಂಟೆ ನೆನೆಸಿದ ಹೆಸರುಬೇಳೆ ಅರ್ಧ ಗಂಟೆಯಲ್ಲಿ ಬೇಯುತ್ತದೆ. ಕುಕ್ಕರ್ ನಾಲ್ಕು ಜನರಿದ್ದರೆ ಹೊರೆಯಲ್ಲ, ಒಬ್ಬರಿಗೆ ದಂಡ. ಹುರಿಹಿಟ್ಟಿಗಂತೂ ಒಲೆಯೇ ಬೇಡ, ಯಾರದೋ ಮನೆಯ ಬಿಸಿ ಹಾಲಿಗೆ ಕಲಸಿದರೆ ಬೆಳಗಿನ ಉಪಾಹಾರವಾಯಿತು.

ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. 220 ಗ್ರಾಮಿನ ಬ್ಯೂಟೇನ್ ಡಬ್ಬಿಗಳು ಉಲಾನ್‌ಬಾತರ್‌ನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ. ಗಾಳಿಗೆ ಮರೆ ಕಟ್ಟಿದರೆ ಒಂದರಲ್ಲಿ ಹತ್ತು ಲೀಟರಿನಷ್ಟು ನೀರು ಕುದಿಯುತ್ತದೆ, ಇಲ್ಲದಿದ್ದರೆ ಅರ್ಧಕ್ಕೇ ಮುಗಿಯಬಹುದು. ಬ್ಯೂಟೇನ್ 0 ಡಿಗ್ರಿಯ ಹತ್ತಿರ ಆವಿಯಾಗುವುದನ್ನು ನಿಲ್ಲಿಸುವುದರಿಂದ ಚಳಿಯ ಬೆಳಗ್ಗೆ ಉರಿ ಸಣ್ಣಗಾಗುತ್ತದೆ. ಡಬ್ಬಿಯನ್ನು ಹಚ್ಚುವ ಮೊದಲು ಸ್ವಲ್ಪ ಹೊತ್ತು ಜಾಕೆಟ್ಟಿನೊಳಗೆ ಇಟ್ಟುಕೊಳ್ಳಿ. ಅಂದಹಾಗೆ, ಒಣ ಕೊಬ್ಬರಿಯನ್ನೂ ಭಾರತದ ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಲಗೇಜಿಗೆ ಬಿಡುವುದಿಲ್ಲ. ಅಲ್ಲಿನ ಕೊರಿಯನ್ ನೂಡಲ್ಸ್ ಪೊಟ್ಟಣಗಳ ಮಸಾಲೆಯಲ್ಲಿ ಬಹಳಷ್ಟು ಸಲ ದನದ ಮಾಂಸದ ಪುಡಿ ಇರುತ್ತದೆ, ಚಿತ್ರದಲ್ಲಿ ತರಕಾರಿ ಮಾತ್ರ ಕಂಡರೂ ಅಂಶಗಳ ಪಟ್ಟಿ ಓದಿಸಿ.

ಯಾರಿಗೆ ಯಾವುದು

ಕೈಯಲ್ಲಿ ದುಡ್ಡಿದ್ದು ದಿನ ಕಡಿಮೆಯಿದ್ದರೆ, ಅಥವಾ ಜೊತೆಗೆ ಹಿರಿಯರೂ ಮಕ್ಕಳೂ ಇದ್ದರೆ ಕ್ಯಾಂಪು; ಫ್ಲೀಸ್, ಮಳೆಯಂಗಿ, ಹಳೆಯ ಬೂಟು, ಚಟ್ನಿಪುಡಿ-ತುಪ್ಪ. ಮಾಂಸ ತಿನ್ನುವ, ಸವಾರಿ ಬಯಸುವ, ಹಿಡಿದು ಖರ್ಚು ಮಾಡುವವರಿಗೆ ಪಶುಪಾಲಕರ ಮನೆಯೇ ಸರಿ. ತೆರ್ಲೆಗ್, ಉಣ್ಣೆಯ ಸ್ವೆಟರು, ಸ್ಲೀಪಿಂಗ್ ಬ್ಯಾಗು, ಜೊತೆಗೆ ಓಆರ್‌ಎಸ್ ಪೊಟ್ಟಣ ಹತ್ತು. ಕಟ್ಟುನಿಟ್ಟಿನ ಸಸ್ಯಾಹಾರಿ ಅಲ್ಲಿ ಉಳಿಯಬಾರದೆಂದಿಲ್ಲ, ಎರಡು ರಾತ್ರಿ ಬಿಳಿ ಆಹಾರದಲ್ಲೇ ಚೆನ್ನಾಗಿ ಕಳೆಯುತ್ತದೆ. ಅದಕ್ಕಿಂತ ಹೆಚ್ಚು ದಿನವಾದರೆ ತನ್ನ ಒಲೆ ತನ್ನಲ್ಲಿರಲಿ. ಟೆಂಟು ನಾಲ್ಕು ಜನರ ಗುಂಪಿಗೆ ಲಾಭ, ಒಂಟಿ ಪ್ರಯಾಣಿಕರಿಗೆ ಗ್ಯಾಸು, ಪಾತ್ರೆ, ಹೊದಿಕೆಯ ಭಾರವೇ ಪ್ರವಾಸವನ್ನು ತಿಂದುಹಾಕುತ್ತದೆ.

ಎಲ್ಲಿ ಉಳಿದರೂ ಯಾವುದಾದರೊಂದು ಗೆರ್‌ನಲ್ಲಿ ನಿಮ್ಮ ಮುಂದೆ ಬಟ್ಟಲು ಬರುತ್ತದೆ. ಬಲಗೈಯಲ್ಲಿ ತೆಗೆದುಕೊಂಡು, ಎಡಗೈಯನ್ನು ಬಲ ಮೊಣಕೈಗೆ ಆನಿಸಿ, ಕುಡಿಯಲಾರದಿದ್ದರೂ ತುಟಿಗೆ ತಾಗಿಸಿ ಹಿಂದಿರುಗಿಸಿದರೆ ಯಾರಿಗೂ ಬೇಸರವಿಲ್ಲ. ತೋಳು ಮಡಚಿಕೊಂಡಿದ್ದರೆ ಬಟ್ಟಲಿಗೆ ಕೈಚಾಚುವ ಮೊದಲು ಇಳಿಸಿಕೊಳ್ಳಬೇಕು, ಅಲ್ಲಿನ ಮರ್ಯಾದೆ ಅದು. ಹಾಗಾಗಿ ಹಗಲಿಗೆ ಒಯ್ಯುವ ಮೂರು ಪಾಲಿಯೆಸ್ಟರ್ ಅಂಗಿಗಳಲ್ಲಿ ಒಂದಾದರೂ ಉದ್ದ ತೋಳಿನದಾಗಿರಲಿ.